ಕತೆ ಹೇಳಿದ್ದು ಸಾಕು: ಕಾದಂಬರಿಯ ಮೇಲಿನ ಪ್ರಬಂಧ ತಿದ್ದುವಾಗ

ಪ್ರಬಂಧ ತಿದ್ದುವುದೆಂದರೆ ಕೆಂಪು ಪೆನ್ನು ಹಿಡಿದು ಬಿಟ್ಟುಹೋದ ಮಹಾಪ್ರಾಣಗಳನ್ನು ಹುಡುಕುವುದು ಎಂಬ ನಂಬಿಕೆ ನಮ್ಮ ಮೈಸೂರು, ಮಂಡ್ಯದ ಕಾಲೇಜುಗಳಲ್ಲಿ ಗಟ್ಟಿಯಾಗಿ ಕೂತಿದೆ. ಎಂ.ಎ. ಮಕ್ಕಳ ಸೆಮಿನಾರ್ ಪೇಪರಾಗಲಿ, ಬಿ.ಎ. ಮಕ್ಕಳ ಅಸೈನ್‌ಮೆಂಟಾಗಲಿ, ತಿದ್ದಿ ಬಂದ ಪ್ರತಿಯಲ್ಲಿ ಕಾಗುಣಿತ ಸರಿಹೋಗಿರುತ್ತದೆ. ಹೇಳಬೇಕಾದ ಮಾತು ಮಾತ್ರ ಇನ್ನೂ ಹುಟ್ಟಿರುವುದಿಲ್ಲ. ಅಕ್ಷರ ತಿದ್ದುವುದು ಕಟ್ಟಕಡೆಯ ಕೆಲಸ. ನಾಳೆ ಕಿತ್ತುಹಾಕಬೇಕಾದ ಪ್ಯಾರಾದ ಒತ್ತಕ್ಷರವನ್ನು ಇವತ್ತು ಸರಿಮಾಡುತ್ತ ಕೂತರೆ ಸಮಯವೂ ಹೋಗುತ್ತದೆ, ಅಷ್ಟು ಚೆಂದ ಮಾಡಿದ ಪ್ಯಾರಾವನ್ನು ಕಿತ್ತುಹಾಕಲು ಆಮೇಲೆ ಮನಸ್ಸೂ ಬರುವುದಿಲ್ಲ.

ಕೈಯಲ್ಲಿ ಒಂದು ಕಾದಂಬರಿ ಇಲ್ಲದೆ ಈ ವಿಷಯ ಮಾತಾಡಿ ಪ್ರಯೋಜನವಿಲ್ಲ. ಎಸ್.ಎಲ್. ಭೈರಪ್ಪನವರ ‘ವಂಶವೃಕ್ಷ’ವನ್ನು ಇಟ್ಟುಕೊಳ್ಳೋಣ. 1965ರ ಕಾದಂಬರಿ. ನಂಜನಗೂಡಿನಲ್ಲೂ ಮೈಸೂರಿನಲ್ಲೂ ನಡೆಯುವುದರಿಂದ ನಮ್ಮ ಕಡೆಯ ಮಕ್ಕಳು ಇಷ್ಟಪಟ್ಟು ಆರಿಸಿಕೊಳ್ಳುತ್ತಾರೆ, ಮತ್ತು ಅದೇ ಕಾರಣಕ್ಕೆ ಎಡವುತ್ತಾರೆ. ಓದದವರಿಗಾಗಿ ಕತೆ ಇಷ್ಟು:

ಶ್ರೀನಿವಾಸ ಶ್ರೋತ್ರಿಯ ಮಗ ನಂಜುಂಡ ಕಪಿಲೆಯಲ್ಲಿ ಮುಳುಗಿ ಸಾಯುತ್ತಾನೆ. ವಿಧವೆ ಸೊಸೆ ಕಾತ್ಯಾಯನಿ ಮೈಸೂರಿನ ಕಾಲೇಜಿಗೆ ಸೇರಿ, ಅಲ್ಲಿನ ಅಧ್ಯಾಪಕ ರಾಜನನ್ನು ಮದುವೆಯಾಗುತ್ತಾಳೆ. ಮಗ ಚೀನಿ ನಂಜನಗೂಡಿನಲ್ಲೇ ಅಜ್ಜನ ಬಳಿ ಉಳಿಯುತ್ತಾನೆ. ಇತ್ತ ರಾಜನ ಅಣ್ಣ, ಇತಿಹಾಸಕಾರ ಸದಾಶಿವರಾವ್, ಹೆಂಡತಿ ನಾಗಲಕ್ಷ್ಮಿ ಇರುವಾಗಲೇ ತನ್ನ ಸಂಶೋಧನೆಗೆ ನೆರವಾದ ಕರುಣಾರತ್ನೆಯನ್ನು ಮದುವೆಯಾಗುತ್ತಾನೆ. ವಂಶವೇ ಧರ್ಮ ಎಂದು ಬದುಕಿದ ಶ್ರೋತ್ರಿ ಕೊನೆಗೆ ತಾನು ಆ ವಂಶದ ರಕ್ತದವನಲ್ಲ ಎಂದು ತಿಳಿಯುತ್ತಾನೆ.

ಐದು ವಾಕ್ಯ, 50 ಪದದೊಳಗೆ ಮುಗಿಯಿತು. ಪ್ರಬಂಧಕ್ಕೆ ಇಡಿಯಾಗಿ ಬೇಕಾದ ಕತೆ ಇಷ್ಟೇ. ಮಿಕ್ಕ ವಿವರ ವಾದಕ್ಕೆ ಬೇಕಾದ ಕಡೆ, ಬೇಕಾದಷ್ಟೇ ಬರಬೇಕು. 1500 ಪದದ ಪ್ರಬಂಧದಲ್ಲಿ ಒಟ್ಟು ಕತೆ 200 ಪದ ದಾಟಿದರೆ ಅನುಮಾನಪಡಿ. ಓದುವ ಮೇಷ್ಟ್ರು ಕಾದಂಬರಿ ಓದಿದ್ದಾರೆ. ಅವರಿಗೆ ಕತೆ ಗೊತ್ತಿಲ್ಲ ಎಂಬಂತೆ ಬರೆದರೆ, ‘ನಾನು ಓದಿದ್ದೇನೆ ಸಾರ್’ ಎಂದು ಸಾಬೀತು ಮಾಡುವುದೇ ನಿಮ್ಮ ಉದ್ದೇಶ ಎಂದು ಅವರಿಗೆ ತಿಳಿದುಬಿಡುತ್ತದೆ.

ಮೊದಲ ಕೆಲಸ ಪ್ರಿಂಟ್ ತೆಗೆಯುವುದು. ಪರದೆಯ ಮೇಲೆ ಒಂದು ಸಲಕ್ಕೆ ಅರ್ಧ ಪುಟ ಕಾಣುತ್ತದೆ. ಪ್ರಬಂಧದ ಒಟ್ಟು ಆಕಾರ ಅಲ್ಲಿ ಕಾಣುವುದಿಲ್ಲ. ಎ4 ಹಾಳೆ, ಒಂದೇ ಮಗ್ಗುಲು, ಎರಡು ಸಾಲಿನ ಅಂತರ, ಬಲಗಡೆ ಎರಡು ಇಂಚು ಖಾಲಿ ಜಾಗ, ಪ್ರತಿ ಹಾಳೆಗೂ ಪುಟಸಂಖ್ಯೆ. ಬರೆದು ಮುಗಿಸಿದ ದಿನವೇ ತಿದ್ದಲು ಕೂರಬೇಡಿ. ಎರಡು ದಿನ ಬಿಟ್ಟರೆ ಒಳ್ಳೆಯದು, ಒಂದು ರಾತ್ರಿಯಾದರೂ ಬಿಡಿ. ಬರೆದ ಕೂಡಲೇ ಓದಿದರೆ ಕಣ್ಣು ಹಾಳೆಯಲ್ಲಿ ಇರುವುದನ್ನು ಓದುವುದಿಲ್ಲ, ತಲೆಯಲ್ಲಿ ಇರುವುದನ್ನು ಓದುತ್ತದೆ.

ಪೆನ್ಸಿಲ್ ಹಿಡಿದು ಓದುತ್ತ ಹೋಗಿ. ಒಂದಕ್ಷರವನ್ನೂ ತಿದ್ದಬೇಡಿ. ಪ್ರತಿ ಪ್ಯಾರಾದ ಪಕ್ಕದಲ್ಲಿ ಒಂದು ಗುರುತು ಹಾಕಿ: ಅದು ಕತೆ ಹೇಳುತ್ತಿದ್ದರೆ ‘ಕ’, ವಾದ ಮಾಡುತ್ತಿದ್ದರೆ ‘ವಾ’, ಲೇಖಕರ ಬಗ್ಗೆಯೋ ಕಾಲದ ಬಗ್ಗೆಯೋ ಮಾಹಿತಿ ಕೊಡುತ್ತಿದ್ದರೆ ‘ಮಾ’. ಪಕ್ಕದಲ್ಲಿ ನಾಲ್ಕೈದು ಪದದಲ್ಲಿ ಆ ಪ್ಯಾರಾ ಏನು ಹೇಳಿತು ಎಂದೂ ಬರೆಯಿರಿ. ಬರೆಯಲು ಆಗದಿದ್ದರೆ ಒಂದು ಪ್ರಶ್ನಾರ್ಥಕ ಚಿಹ್ನೆ ಹಾಕಿ ಮುಂದೆ ಹೋಗಿ. ಮೊದಲ ಕರಡು ಹೀಗೆ ಗುರುತಾದಾಗ ಸಾಮಾನ್ಯವಾಗಿ ‘ಮಾ, ಮಾ, ಕ, ಕ, ಕ, ಕ, ಕ, ವಾ’ ಎಂಬಂಥ ಸಾಲು ಸಿಗುತ್ತದೆ. ಅದನ್ನು ನೋಡಿ ಎದೆಗುಂದಬೇಕಿಲ್ಲ. ಕರಡು ಎಂದರೆ ಹಾಗೇ ಇರುತ್ತದೆ.

ಕತೆಯ ಪ್ಯಾರಾ ವಾದದ ವೇಷ ಹಾಕಿಕೊಂಡು ಬರುವುದೂ ಉಂಟು. ಅದನ್ನು ಹಿಡಿಯಲು ಪ್ಯಾರಾದ ಮೊದಲ ಪದ ನೋಡಿ. ‘ನಂತರ’, ‘ಆಮೇಲೆ’, ‘ಹೀಗಿರುವಾಗ’, ‘ಕೆಲವು ದಿನಗಳು ಕಳೆದ ಮೇಲೆ’ ಎಂದು ಶುರುವಾದದ್ದು ಕತೆಯೇ. ಮಧ್ಯದಲ್ಲಿ ಎಷ್ಟು ‘ಸಂಘರ್ಷ’, ‘ಮೌಲ್ಯ’ ಎಂಬ ಪದ ತುರುಕಿದ್ದರೂ ಸರಿ. ವಾದದ ಪ್ಯಾರಾ ‘ಆದರೆ’, ‘ಇದಕ್ಕೆ ಕಾರಣ’, ‘ಇದೇ ಮಾತು ನಾಗಲಕ್ಷ್ಮಿಗೆ ಅನ್ವಯಿಸುವುದಿಲ್ಲ’ ಎಂಬ ಬಗೆಯಲ್ಲಿ ಶುರುವಾಗುತ್ತದೆ. ಕಾದಂಬರಿಯ ಅಧ್ಯಾಯಗಳು ಬರುವ ಕ್ರಮದಲ್ಲೇ ನಿಮ್ಮ ಪ್ಯಾರಾಗಳೂ ಬಂದಿದ್ದರೆ, ಪ್ರಬಂಧವನ್ನು ಕಟ್ಟಿದವರು ಕಾದಂಬರಿಕಾರರು, ನೀವಲ್ಲ.

‘ಮಾ’ ಗುರುತಿನ ಪ್ಯಾರಾಗಳ ಗತಿ ಬೇಗ ಹೇಳಿ ಮುಗಿಸಬಹುದು. ಕನ್ನಡ ಸಾಹಿತ್ಯಕ್ಕೆ ಎರಡು ಸಾವಿರ ವರ್ಷದ ಇತಿಹಾಸವಿದೆ ಎಂಬ ಆರಂಭ ತೆಗೆಯಿರಿ. ಭೈರಪ್ಪನವರು ಚನ್ನರಾಯಪಟ್ಟಣ ತಾಲ್ಲೂಕಿನ ಸಂತೇಶಿವರದಲ್ಲಿ ಹುಟ್ಟಿದರು ಎಂಬುದನ್ನೂ ತೆಗೆಯಿರಿ. ಆ ಊರು ನಿಮ್ಮ ವಾದದಲ್ಲಿ ಏನೂ ಕೆಲಸ ಮಾಡುತ್ತಿಲ್ಲ. 1856ರ ವಿಧವಾ ಪುನರ್ವಿವಾಹ ಕಾಯ್ದೆಯನ್ನು ಅರ್ಧ ಪುಟ ವಿವರಿಸುವವರಿದ್ದಾರೆ. ಕಾದಂಬರಿಯ ಒಳಗಿನ ಯಾವುದಾದರೂ ಮಾತನ್ನೋ ನಡೆಯನ್ನೋ ಅದು ಬಿಡಿಸುವುದಾದರೆ ಒಂದು ವಾಕ್ಯ ಇರಲಿ, ಇಲ್ಲದಿದ್ದರೆ ಬೇಡ. ನಮ್ಮ ಕಡೆಯವರಿಗೆ ವಿಶೇಷವಾಗಿ ಹೇಳಬೇಕಾದದ್ದು: ನಂಜನಗೂಡು ನಿಮಗೆ ಗೊತ್ತಿರುವ ಊರು, ಒಪ್ಪಿದೆ. ಶ್ರೀಕಂಠೇಶ್ವರನ ಗುಡಿ, ದೊಡ್ಡ ಜಾತ್ರೆ, ರಸಬಾಳೆ ಎಲ್ಲ ಸರಿ. ಅದು ಪ್ರವಾಸಿ ಕೈಪಿಡಿಗೆ ಸಲ್ಲುತ್ತದೆ. ಕಪಿಲಾ ನದಿ ಮಾತ್ರ ಉಳಿಯಬಹುದು, ಏಕೆಂದರೆ ಕಾದಂಬರಿಯಲ್ಲಿ ಅದು ಮಗನನ್ನು ಕಸಿದುಕೊಂಡು ಇಡೀ ಕತೆಯನ್ನು ಹೊರಡಿಸುತ್ತದೆ.

ಇನ್ನು ನಿಜವಾದ ಕಷ್ಟ. ಪ್ರಬಂಧ ಹೇಳುವುದೇನು?

‘ವಂಶವೃಕ್ಷ ಕಾದಂಬರಿಯಲ್ಲಿ ಸಂಪ್ರದಾಯ ಮತ್ತು ಆಧುನಿಕತೆಯ ಸಂಘರ್ಷವನ್ನು ಕಾಣಬಹುದು.’ ಇಂಥ ವಾಕ್ಯ ಮೊದಲ ಪ್ಯಾರಾದಲ್ಲಿ ಇಲ್ಲದ ಕರಡು ಅಪರೂಪ. ಇದರಲ್ಲಿ ತಪ್ಪೇನೂ ಇಲ್ಲ, ಅದೇ ಇದರ ದೋಷ. ಯಾರೂ ಇದನ್ನು ಅಲ್ಲಗಳೆಯಲಾರರು. 1950ರಿಂದ 1980ರವರೆಗಿನ ಹತ್ತಾರು ಕನ್ನಡ ಕಾದಂಬರಿಗಳ ಹೆಸರನ್ನು ಆ ಜಾಗಕ್ಕೆ ಹಾಕಿದರೂ ವಾಕ್ಯ ಹಾಗೇ ನಿಲ್ಲುತ್ತದೆ. ಪರೀಕ್ಷೆ ಸುಲಭ: ನಿಮ್ಮ ವಾಕ್ಯವನ್ನು ಪಕ್ಕದ ಬೆಂಚಿನವನಿಗೆ ಓದಿ ಹೇಳಿ. ಅವನು ‘ಹ್ಞೂಂ ಕಣೋ, ಅದಕ್ಕೇನೀಗ?’ ಎಂದರೆ ವಾಕ್ಯ ಸತ್ತಿದೆ. ‘ಅದೆಂಗ್ಲಾ ಹಂಗಂತೀಯ?’ ಎಂದು ತಿರುಗಿಬಿದ್ದರೆ ಅದರಲ್ಲಿ ಜೀವ ಇದೆ, ಇನ್ನು ಆಧಾರ ಕೊಡುವುದು ನಿಮ್ಮ ಕೆಲಸ.

ಜೀವ ಇರುವ ವಾಕ್ಯ ಎಲ್ಲಿಂದ ತರುವುದು? ಬಹುಪಾಲು ಅದು ನಿಮ್ಮ ಕರಡಿನಲ್ಲೇ, ಕೊನೆಗೆ ಎರಡು ಪ್ಯಾರಾ ಇರುವಾಗ ಸಿಗುತ್ತದೆ. ಬರೆಯುತ್ತ ಬರೆಯುತ್ತ ತಲೆ ಬಿಸಿಯಾಗಿ, ಸಾಕಪ್ಪ ಎನ್ನಿಸಿದಾಗ, ಕೈ ತನಗೆ ತಾನೇ ಒಂದು ನಿಜವಾದ ಮಾತು ಬರೆದಿರುತ್ತದೆ. ಉದಾಹರಣೆಗೆ ಹೀಗೊಂದು ಸಾಲು: ‘ಸದಾಶಿವರಾಯನೂ ಎರಡನೇ ಮದುವೆಯಾದ, ಆದರೆ ಅವನಿಗೆ ಕಾತ್ಯಾಯನಿಯಷ್ಟು ಕಷ್ಟ ಬರಲಿಲ್ಲ.’ ಬರೆದವರು ಇದನ್ನು ಗಮನಿಸದೆ ‘ಒಟ್ಟಾರೆಯಾಗಿ ಹೇಳುವುದಾದರೆ’ ಎಂದು ಮುಂದೆ ಹೋಗಿರುತ್ತಾರೆ. ಆ ಸಾಲಿನ ಸುತ್ತ ಗೆರೆ ಎಳೆಯಿರಿ. ಇಡೀ ಪ್ರಬಂಧ ಅದರಲ್ಲಿದೆ.

ಅದನ್ನು ಎತ್ತಿ ಮೊದಲ ಪುಟಕ್ಕೆ ತಂದು ಹರಿತ ಮಾಡಿದರೆ ಹೀಗಾಗಬಹುದು: ‘ಕಾದಂಬರಿಯಲ್ಲಿ ಒಬ್ಬ ಗಂಡಸು, ಒಬ್ಬ ಹೆಂಗಸು ಎರಡನೇ ಮದುವೆಯಾಗುತ್ತಾರೆ. ಗಂಡಸಿನ ಮದುವೆ ಗ್ರಂಥಗಳಾಗಿ ಫಲಿಸುತ್ತದೆ. ಹೆಂಗಸಿನದು ಗರ್ಭಪಾತಗಳಲ್ಲಿ ಮುಗಿಯುತ್ತದೆ. ವಂಶದ ಕಟ್ಟಳೆ ಇಬ್ಬರಿಗೂ ಒಂದೇ ಅಲ್ಲ ಎಂಬುದನ್ನು ಕಾದಂಬರಿ ಬಾಯಿಬಿಟ್ಟು ಹೇಳದೆ, ಘಟನೆಗಳನ್ನು ಅಕ್ಕಪಕ್ಕ ಇಟ್ಟು ತೋರಿಸುತ್ತದೆ.’ ಇದನ್ನು ಒಪ್ಪದವರು ಖಂಡಿತ ಇದ್ದಾರೆ. ಕಾತ್ಯಾಯನಿಗೆ ಆದದ್ದನ್ನು ಕಾದಂಬರಿ ಸರಿ ಎನ್ನುತ್ತದೆ, ಅದನ್ನು ಪ್ರಶ್ನಿಸುವುದೇ ಇಲ್ಲ ಎಂದು ವಾದಿಸುವವರು ಒಂದು ಕಡೆ, ಅದು ಶಿಕ್ಷೆಯೇ ಅಲ್ಲ, ಬದುಕಿನಲ್ಲಿ ಆಗುವಂಥದ್ದು ಎನ್ನುವವರು ಇನ್ನೊಂದು ಕಡೆ. ಈಗ ಪ್ರಬಂಧಕ್ಕೆ ಎದುರಾಳಿ ಸಿಕ್ಕಿತು. ಎದುರಾಳಿ ಇಲ್ಲದ ಪ್ರಬಂಧಕ್ಕೆ ದಾರಿ ಗೊತ್ತಿರುವುದಿಲ್ಲ.

ಮುಖ್ಯ ಮಾತು ಬದಲಾದ ಮೇಲೆ ಹಳೆಯ ಪ್ಯಾರಾಗಳಲ್ಲಿ ಅರ್ಧಕ್ಕರ್ಧ ಕೆಲಸಕ್ಕೆ ಬರುವುದಿಲ್ಲ. ಇಲ್ಲಿ ತಿದ್ದುವವರ ಕೈ ನಡುಗುತ್ತದೆ. ಅಳಿಸಲು ಮನಸ್ಸಾಗದಿದ್ದರೆ ‘ತೆಗೆದದ್ದು’ ಎಂಬ ಬೇರೆ ಫೈಲ್ ಮಾಡಿ ಅದಕ್ಕೆ ತುಂಬಿ. ಅಲ್ಲಿಂದ ಮತ್ತೆ ಎತ್ತಿಕೊಳ್ಳಬೇಕಾದ ಸಂದರ್ಭ ಬರುವುದು ಕಡಿಮೆ, ಆದರೆ ಕಳೆದುಹೋಗಿಲ್ಲ ಎಂಬ ಧೈರ್ಯಕ್ಕೆ ಬೆಲೆ ಇದೆ. ಉಳಿದ ಪ್ಯಾರಾಗಳ ಮೊದಲ ವಾಕ್ಯಗಳನ್ನಷ್ಟೇ ಒಂದು ಹಾಳೆಗೆ ಇಳಿಸಿ, ಒಂದರ ಕೆಳಗೊಂದು ಓದಿ. ಅಷ್ಟನ್ನೇ ಓದಿದವರಿಗೆ ನಿಮ್ಮ ವಾದ ತಿಳಿಯಬೇಕು. ತಿಳಿಯದಿದ್ದರೆ ಕ್ರಮ ಬದಲಿಸಿ. ಪ್ರಿಂಟನ್ನು ಕತ್ತರಿಯಲ್ಲಿ ಪ್ಯಾರಾ ಪ್ಯಾರಾ ಕತ್ತರಿಸಿ ನೆಲದ ಮೇಲೆ ಹರಡಿಕೊಂಡು ಜೋಡಿಸುವುದು ಹಳೆಯ ವಿಧಾನ, ಈಗಲೂ ಕಂಪ್ಯೂಟರಿಗಿಂತ ಬೇಗ ಆಗುತ್ತದೆ. ನಮ್ಮ ಉದಾಹರಣೆಯಲ್ಲಿ ಎರಡು ಮದುವೆಗಳನ್ನು ಅಕ್ಕಪಕ್ಕ ಇಡುವ ಪ್ಯಾರಾ ಮೊದಲು ಬರಬೇಕು. ಗಂಡನ ಎರಡನೇ ಮದುವೆಯ ಬೆಲೆ ತೆತ್ತ ನಾಗಲಕ್ಷ್ಮಿ ಅದರ ಬೆನ್ನಿಗೆ. ನಾಗಲಕ್ಷ್ಮಿಗೆ ಕರಡಿನಲ್ಲಿ ಒಂದೂವರೆ ವಾಕ್ಯ ಸಿಕ್ಕಿರುತ್ತದೆ, ಅವಳಿಗೆ ಕನಿಷ್ಠ ಒಂದಿಡೀ ಪ್ಯಾರಾ ಬೇಕು. ಎದುರುವಾದವನ್ನು ಅದರ ನಂತರ ತನ್ನಿ. ಕಟ್ಟಕಡೆಗೆ ಇಟ್ಟರೆ ಅದಕ್ಕೆ ಉತ್ತರ ಕೊಡಲು ಜಾಗ ಉಳಿಯುವುದಿಲ್ಲ, ಓದುಗರು ಎದುರಾಳಿಯ ಜೊತೆಗೇ ಎದ್ದುಹೋಗುತ್ತಾರೆ. ಶ್ರೋತ್ರಿಯ ಜನ್ಮರಹಸ್ಯವನ್ನು ಕೊನೆಗೆ ಉಳಿಸಿಕೊಳ್ಳಿ. ಕಾದಂಬರಿಯಲ್ಲೂ ಕೊನೆಗೆ ಬರುತ್ತದೆ ಎಂಬುದು ಇಲ್ಲಿ ಕಾರಣವಾಗಬಾರದು. ಕಟ್ಟಳೆಯನ್ನು ಕಾಯುತ್ತಿದ್ದವನ ಕಾಲ ಕೆಳಗೇ ನೆಲ ಇರಲಿಲ್ಲ ಎಂಬುದು ನಿಮ್ಮ ಅತ್ಯಂತ ಬಲವಾದ ಸಾಕ್ಷಿ, ಅದಕ್ಕೆ ಕೊನೆಗೆ.

ಹೋಲಿಕೆಯ ಆಸೆಗೆ ಒಂದು ಕಡಿವಾಣ. ಯು.ಆರ್. ಅನಂತಮೂರ್ತಿಯವರ ‘ಸಂಸ್ಕಾರ’ವೂ 1965ರದೇ. ಎರಡರಲ್ಲೂ ಬ್ರಾಹ್ಮಣಿಕೆಯ ಬಿಕ್ಕಟ್ಟು, ಹಾಗಾಗಿ ಎರಡನ್ನೂ ಜೋಡಿಸುವ ಆಸೆ ಸಹಜ. ‘ಎರಡೂ ಮಹತ್ವದ ಕೃತಿಗಳು’ ಎಂದು ಮುಗಿಸುವ ಹೋಲಿಕೆ ಪ್ರಬಂಧಕ್ಕೆ ಭಾರ. ಹೋಲಿಸಿದರೆ ಒಂದೇ ಅಂಶ ಹೋಲಿಸಿ. ‘ಸಂಸ್ಕಾರ’ದಲ್ಲಿ ಸುಡುವವರು ಯಾರು ಎಂದು ಇಡೀ ಅಗ್ರಹಾರ ಚರ್ಚಿಸುತ್ತ ಕೂತಿರುವ ಹೆಣವನ್ನು, ಸತ್ತವನ ಜೊತೆ ಬಾಳಿದ್ದ ಚಂದ್ರಿ ರಾತ್ರಿ ಸುಡಿಸಿ ಊರು ಬಿಟ್ಟು ಹೊರಡುತ್ತಾಳೆ, ಕಟ್ಟಳೆಯ ಹೊರಗಿನವಳಾದ್ದರಿಂದ ಅವಳಿಗೆ ಹೊರಡುವ ದಾರಿ ಇದೆ. ಕಾತ್ಯಾಯನಿ ಕಟ್ಟಳೆಯ ಒಳಗಿನವಳು, ಬಿಟ್ಟು ಬಂದರೂ ಬಿಟ್ಟುಬರಲು ಆಗುವುದಿಲ್ಲ. ಇಷ್ಟು ಸಾಕು, ಆರೇಳು ಸಾಲು. ಆ ಕಾದಂಬರಿಯ ನಾಯಕ ಪ್ರಾಣೇಶಾಚಾರ್ಯನ ಕತೆ ಶುರುಮಾಡಿದರೆ ನಿಮ್ಮ ಪ್ರಬಂಧ ಕೈತಪ್ಪಿತು.

ಈಗ ಉಲ್ಲೇಖಗಳು. ಪ್ರಬಂಧ ಬೀಳುವುದೂ ಏಳುವುದೂ ಬಹಳ ಮಟ್ಟಿಗೆ ಇಲ್ಲೇ.

ಉಲ್ಲೇಖದ ಹಿಂದೆ ‘ಭೈರಪ್ಪನವರು ಹೇಳುವಂತೆ’ ಎಂದಿದ್ದರೆ ತಕ್ಷಣ ಪುಸ್ತಕ ತೆಗೆದು ನೋಡಿ, ಆ ಮಾತು ಯಾರದು? ಶ್ರೋತ್ರಿ ಆಡಿದ ಮಾತು, ರಾಜ ಆಡಿದ ಮಾತು, ಕಾತ್ಯಾಯನಿ ಮನಸ್ಸಿನಲ್ಲಿ ಅಂದುಕೊಂಡದ್ದು, ನಿರೂಪಕನ ಮಾತು: ಈ ನಾಲ್ಕೂ ಬೇರೆ ಬೇರೆ. ಶ್ರೋತ್ರಿಯ ಮಾತನ್ನು ಲೇಖಕರ ತಲೆಗೆ ಕಟ್ಟಿದರೆ, ಕಾದಂಬರಿ ಶ್ರೋತ್ರಿಗೇ ತಿರುಗುಬಾಣವಾಗುವ ಕೊನೆಯ ಭಾಗವನ್ನು ವಿವರಿಸಲು ನಿಮಗೆ ದಾರಿಯೇ ಇರುವುದಿಲ್ಲ. ಅಂಚಿನಲ್ಲಿ ‘ಇದು ಯಾರ ಮಾತಮ್ಮ?’ ಎಂದು ಮೇಷ್ಟ್ರು ಬರೆದು ಕೊಟ್ಟಿದ್ದರೆ ಅದನ್ನು ಸಣ್ಣ ತಪ್ಪು ಎಂದುಕೊಳ್ಳಬೇಡಿ, ಆ ಪ್ಯಾರಾ ಪೂರ್ತಿ ಮತ್ತೆ ಬರೆಯಬೇಕು ಎಂದು ಅರ್ಥ.

ಮೂರು ಸಾಲಿನವರೆಗಿನ ಉಲ್ಲೇಖ ಪ್ಯಾರಾದೊಳಗೇ ಉದ್ಧರಣ ಚಿಹ್ನೆಯಲ್ಲಿ ಇರಲಿ. ಅದಕ್ಕಿಂತ ಉದ್ದವಾದದ್ದನ್ನು ಎರಡೂ ಕಡೆ ಅರ್ಧ ಇಂಚು ಒಳಸರಿಸಿ ಬೇರೆಯಾಗಿ ಬರೆಯಿರಿ, ಆಗ ಚಿಹ್ನೆ ಬೇಕಿಲ್ಲ. 1500 ಪದದ ಪ್ರಬಂಧದಲ್ಲಿ ಅಂಥ ಉದ್ದ ಉಲ್ಲೇಖ ಎರಡಕ್ಕಿಂತ ಹೆಚ್ಚು ಬೇಡ. ಉಲ್ಲೇಖದೊಂದಿಗೆ ಪ್ಯಾರಾ ಮುಗಿಸಬೇಡಿ. ಅದರ ಕೆಳಗೆ ಕನಿಷ್ಠ ಎರಡು ವಾಕ್ಯ ನಿಮ್ಮದು ಇರಲೇಬೇಕು, ಮತ್ತು ಆ ವಾಕ್ಯಗಳು ಉಲ್ಲೇಖದೊಳಗಿನ ಒಂದು ನಿರ್ದಿಷ್ಟ ಪದವನ್ನು ಹಿಡಿಯಬೇಕು. ‘ಮೇಲಿನ ಸಾಲುಗಳು ಅವಳ ನೋವನ್ನು ತೋರಿಸುತ್ತವೆ’ ಎಂದರೆ ಏನೂ ಹಿಡಿದಂತಲ್ಲ. ‘ಹೆಚ್ಚಿನ ವಿಶ್ಲೇಷಣೆ ಬೇಕು’ ಎಂಬ ಷರಾ ಬರುವುದು ಇಂಥ ಕಡೆ. ಆಗ ಕೇಳಿಕೊಳ್ಳಬೇಕಾದ ಪ್ರಶ್ನೆ: ಇಲ್ಲಿ ಯಾರು ಮಾತಾಡುತ್ತಿದ್ದಾರೆ, ಯಾರು ಸುಮ್ಮನಿದ್ದಾರೆ, ಈ ಮಾತು ಯಾವ ಹೊತ್ತಿನಲ್ಲಿ ಬಂತು?

ಪುಟಸಂಖ್ಯೆಯ ಪೀಕಲಾಟವೂ ಒಂದಿದೆ. ‘ವಂಶವೃಕ್ಷ’ ಮತ್ತೆ ಮತ್ತೆ ಅಚ್ಚಾದ ಪುಸ್ತಕ. ಕಾಲೇಜು ಲೈಬ್ರರಿಯ ಹಳೆಯ ಪ್ರತಿಗೂ ನೀವು ಕೊಂಡ ಹೊಸ ಪ್ರತಿಗೂ ಪುಟ ಹೊಂದುವುದಿಲ್ಲ. ಮುದ್ರಣದ ವರ್ಷವನ್ನು ಮೊದಲ ಉಲ್ಲೇಖದ ಜೊತೆಗೇ ಕೊಟ್ಟು, ಪುಟಸಂಖ್ಯೆಯ ಜೊತೆ ಅಧ್ಯಾಯವನ್ನೂ ಹೇಳಿದರೆ ಯಾವ ಪ್ರತಿ ಇರುವವರೂ ಹುಡುಕಿಕೊಳ್ಳಬಹುದು. ಒಂದೇ ಪ್ರಬಂಧದಲ್ಲಿ ಎರಡು ಮುದ್ರಣ ಬೆರೆಸಬೇಡಿ. ಇಂಟರ್ನೆಟ್ಟಿನಲ್ಲಿ ಸುತ್ತಾಡುವ ‘ಪ್ರಸಿದ್ಧ ಸಾಲು’ಗಳನ್ನು ಪುಸ್ತಕದಲ್ಲಿ ಕಣ್ಣಾರೆ ಕಾಣುವವರೆಗೆ ನಂಬಬೇಡಿ. ಗಿರೀಶ ಕಾರ್ನಾಡ ಮತ್ತು ಬಿ.ವಿ. ಕಾರಂತ ಸೇರಿ ನಿರ್ದೇಶಿಸಿದ 1972ರ ಸಿನಿಮಾ ನೋಡಿದವರು ಇನ್ನೂ ಹುಷಾರಾಗಿರಬೇಕು. ಸಿನಿಮಾದ ದೃಶ್ಯ ನೆನಪಿನಲ್ಲಿ ಕಾದಂಬರಿಯ ದೃಶ್ಯವಾಗಿ ಕೂತುಬಿಡುತ್ತದೆ. ಪುಟ ತೋರಿಸಲಾಗದ ಯಾವ ದೃಶ್ಯವನ್ನೂ ಇಟ್ಟುಕೊಳ್ಳಬೇಡಿ.

ಉಲ್ಲೇಖವನ್ನು ಅಕ್ಷರ ಅಕ್ಷರ ತಾಳೆ ನೋಡಲು ಇಬ್ಬರು ಬೇಕು. ಒಬ್ಬರು ಪುಸ್ತಕ ಹಿಡಿದು, ಅಲ್ಪವಿರಾಮವನ್ನೂ ಬಾಯಲ್ಲಿ ಹೇಳುತ್ತ ಓದಬೇಕು, ಇನ್ನೊಬ್ಬರು ಪ್ರಬಂಧದ ಮೇಲೆ ಬೆರಳಿಟ್ಟು ಹೋಗಬೇಕು. ಅಚ್ಚಿನಮನೆಗಳಲ್ಲಿ ಪ್ರೂಫ್ ನೋಡುತ್ತಿದ್ದ ರೀತಿ ಇದೇ. ಆಡುಮಾತಿನ ಕಾದಂಬರಿಯಾದರೆ ಇದು ಇನ್ನೂ ಮುಖ್ಯ. ದೇವನೂರ ಮಹಾದೇವರ ‘ಕುಸುಮಬಾಲೆ’ಯ ನಂಜನಗೂಡು ಸೀಮೆಯ ಮಾತನ್ನು ಉಲ್ಲೇಖಿಸುವಾಗ ಮೊಬೈಲು ತನಗೆ ಗೊತ್ತಿರುವ ಪುಸ್ತಕದ ಕನ್ನಡಕ್ಕೆ ಸದ್ದಿಲ್ಲದೆ ಬದಲಿಸಿಬಿಡುತ್ತದೆ. ಟೈಪ್ ಮಾಡುವ ಡಿಟಿಪಿಯವರೂ ‘ತಪ್ಪು ಬರ್ದವ್ರೆ ಪಾಪ’ ಎಂದು ತಿದ್ದಿ ಕೊಡುತ್ತಾರೆ. ಆ ಕಾದಂಬರಿಯ ಜೀವವೇ ಆ ಮಾತಿನಲ್ಲಿರುವಾಗ, ತಿದ್ದಿದ ಉಲ್ಲೇಖ ಸುಳ್ಳು ಸಾಕ್ಷಿ. ಕೊಡುವ ಮುನ್ನ ಡಿಟಿಪಿಯವರಿಗೆ ‘ಅಣ್ಣ, ಇಲ್ಲಿ ಇದ್ದಂಗೇ ಹೊಡೀರಿ’ ಎಂದು ಗುರುತು ಹಾಕಿ ಕೊಡಿ.

ಗೌರವವಾಚಕದ ಗೊಂದಲ ಕನ್ನಡದಲ್ಲಿ ಬರೆಯುವಾಗ ಕಾಡುತ್ತದೆ. ಒಂದೇ ಪುಟದಲ್ಲಿ ‘ಶ್ರೋತ್ರಿಗಳು ಬಂದರು’, ‘ಶ್ರೋತ್ರಿ ಯೋಚಿಸುತ್ತಾನೆ’, ‘ಅವರು ತಿಳಿಯುತ್ತಾರೆ’ ಎಲ್ಲ ಇರುತ್ತದೆ, ಕಾತ್ಯಾಯನಿ ಮಾತ್ರ ಮೊದಲಿಂದ ಕೊನೆಯವರೆಗೆ ‘ಅವಳು’. ಹಿರಿಯರಿಗೆ ಬಹುವಚನ ಕೊಡುವ ನಮ್ಮ ಅಭ್ಯಾಸ ಪಾತ್ರಗಳ ಮೇಲೂ ಕೂತುಬಿಡುತ್ತದೆ. ಲೇಖಕರಿಗೆ ಬಹುವಚನ, ಪಾತ್ರಗಳಿಗೆಲ್ಲ ಏಕವಚನ ಎಂದು ಗೊತ್ತುಮಾಡಿಕೊಂಡರೆ ನ್ಯಾಯ. ಹಾಗೆ ಸರಿಮಾಡುತ್ತ ಹೋಗುವಾಗಲೇ ಪುಸ್ತಕ ತೆರೆದು ನೋಡಿ: ನಿರೂಪಕ ಯಾರಿಗೆ ಬಹುವಚನ ಕೊಟ್ಟಿದ್ದಾನೆ, ಯಾರಿಗೆ ಇಲ್ಲ? ಅದೇ ಒಂದು ಪ್ಯಾರಾಕ್ಕೆ ಸಾಮಗ್ರಿ. ಕಾಲವೂ ಹಾಗೇ ಜಾರುತ್ತದೆ. ‘ಕಾತ್ಯಾಯನಿ ಮೈಸೂರಿಗೆ ಹೋದಳು, ಅಲ್ಲಿ ರಾಜನನ್ನು ಭೇಟಿಯಾಗುತ್ತಾಳೆ’ ಎಂಬುದು ಸಲ್ಲದು. ಕಾದಂಬರಿಯೊಳಗಿನ ಘಟನೆಗೆ ವರ್ತಮಾನ, ಕಾದಂಬರಿ ಪ್ರಕಟವಾದದ್ದಕ್ಕೆ ಭೂತ. ಕತೆಯ ಒಳಗೇ ಹಿಂದಿನದನ್ನು ಹೇಳುವಾಗ ಮಾತ್ರ ‘ಆಗಿರುತ್ತದೆ’, ‘ಬಂದಿರುತ್ತಾಳೆ’.

ವಾಕ್ಯ ಬಿಗಿ ಮಾಡುವುದಕ್ಕೆ ಒಂದು ಉದಾಹರಣೆ ಸಾಕು. ಕರಡಿನ ವಾಕ್ಯ: ‘ಕಾತ್ಯಾಯನಿಯ ಪಾತ್ರದ ಮೂಲಕ ಲೇಖಕರು ಅಂದಿನ ಕಾಲದ ಸಮಾಜದಲ್ಲಿ ವಿಧವೆಯರು ಅನುಭವಿಸುತ್ತಿದ್ದ ನೋವನ್ನು ಅತ್ಯಂತ ಮನೋಜ್ಞವಾಗಿ ಚಿತ್ರಿಸಿರುವುದನ್ನು ನಾವು ಕಾಣಬಹುದಾಗಿದೆ.’ ಹದಿನೈದು ಪದ. ಇದರಲ್ಲಿ ‘ನಾವು ಕಾಣಬಹುದಾಗಿದೆ’ ಬರಿಯ ಹೊಟ್ಟು. ‘ಅತ್ಯಂತ ಮನೋಜ್ಞವಾಗಿ’ ಎಂಬುದು ವಿಮರ್ಶೆಯಲ್ಲ, ಸನ್ಮಾನ ಪತ್ರ. ‘ಅಂದಿನ ಕಾಲದ’ ಎನ್ನುವಾಗ ಯಾವ ಕಾಲ? ಮಿಕ್ಕದ್ದು ಯಾವ ವಿಧವೆಯ ಕತೆಗಾದರೂ ಒಪ್ಪುತ್ತದೆ. ತಿದ್ದಿದ ಮೇಲೆ: ‘ಮರುಮದುವೆಯಾದ ಕಾತ್ಯಾಯನಿಗೆ ಕಾದಂಬರಿ ಮಗುವನ್ನು ಉಳಿಸಿಕೊಡುವುದಿಲ್ಲ, ಮೊದಲ ಮದುವೆಯ ಮಗನನ್ನೂ ಹಿಂದಿರುಗಿಸುವುದಿಲ್ಲ.’ ಒಂಬತ್ತು ಪದ, ಮತ್ತು ಇದು ಕಾತ್ಯಾಯನಿಗೆ ಮಾತ್ರ ಒಪ್ಪುವ ಮಾತು. ‘ಎಂದು ಹೇಳಬಹುದಾಗಿದೆ’, ‘ಮೂಡಿಬಂದಿದೆ’, ‘ಚಿತ್ರಿತವಾಗಿದೆ’, ‘ರಚಿಸಲ್ಪಟ್ಟಿದೆ’, ‘ಸಮಾಜದ ಕೈಗನ್ನಡಿ’ ಇವುಗಳನ್ನು ಹುಡುಕಿ ಹುಡುಕಿ ತೆಗೆಯಿರಿ. ‘ಇದು ಒಂದು ಸಾಮಾಜಿಕ ಕಾದಂಬರಿಯಾಗಿದೆ’ ಎಂಬಲ್ಲಿನ ‘ಒಂದು’ ಮತ್ತು ‘ಆಗಿದೆ’ ಎರಡೂ ದಂಡ. ‘ಇದು ಸಾಮಾಜಿಕ ಕಾದಂಬರಿ’ ಎಂದರೆ ಮುಗಿಯಿತು. ವಾಕ್ಯವನ್ನು ಗಟ್ಟಿಯಾಗಿ ಓದಿ. ಒಂದೇ ಉಸಿರಿಗೆ ಕ್ರಿಯಾಪದ ಮುಟ್ಟಲು ಆಗದಿದ್ದರೆ ಅದನ್ನು ಎರಡು ಮಾಡಿ. ನಮ್ಮಲ್ಲಿ ಕ್ರಿಯಾಪದ ಕೊನೆಗೆ ಬರುವುದರಿಂದ ಓದುಗರು ಅಲ್ಲಿಯವರೆಗೆ ಎಲ್ಲವನ್ನೂ ಕಂಕುಳಲ್ಲಿ ಇಟ್ಟುಕೊಂಡಿರಬೇಕಾಗುತ್ತದೆ.

ಪದಮಿತಿ ಮುಟ್ಟಿಸಲು ‘ಮಾಡ ಬೇಕಾಗಿ ಬಂದಿ ದೆ’ ಎಂದು ಪದ ಒಡೆಯುವವರನ್ನು ಏನೂ ಮಾಡಲಾಗದು.

ಅಕ್ಷರಕ್ಕೆ ಈಗ ಬರಬಹುದು. ಹೆಸರುಗಳಿಂದ ಶುರುಮಾಡಿ: ಕಾತ್ಯಾಯನಿ ನಾಲ್ಕನೇ ಪುಟದಲ್ಲಿ ಕಾತ್ಯಾಯಿನಿ ಆಗಿರುತ್ತಾಳೆ, ಭೈರಪ್ಪ ಬೈರಪ್ಪ ಆಗಿರುತ್ತಾರೆ, ಕೃತಿಯ ಹೆಸರೇ ‘ವಂಶವ್ರಕ್ಷ’ ಆಗಿರುವುದೂ ಉಂಟು. ‘ಕತೆ’, ‘ಕಥೆ’ ಎರಡೂ ಸರಿ, ಆದರೆ ಒಂದನ್ನೇ ಹಿಡಿಯಿರಿ. ವಿಧವೆ, ಸಂಬಂಧ, ಅಧ್ಯಯನ, ಬಿಕ್ಕಟ್ಟು, ಶೋಷಣೆ, ಸಂಘರ್ಷ ಇವುಗಳ ತಪ್ಪು ರೂಪಗಳನ್ನು ಹುಡುಕು ಸೌಲಭ್ಯದಲ್ಲಿ ಒಂದೊಂದಾಗಿ ಹಾಕಿ ನೋಡಿ. ನಮ್ಮ ಮಂಡ್ಯ, ಮೈಸೂರು ಸೀಮೆಯ ಬಾಯಲ್ಲಿ ಹಕಾರ ಬರುವುದೂ ಹೋಗುವುದೂ ಅದರ ಇಷ್ಟ. ಅದು ಬರಹಕ್ಕೆ ಇಳಿದಾಗ ಕಾಗುಣಿತ ನೋಡುವ ತಂತ್ರಾಂಶಕ್ಕೆ ಎಷ್ಟೋ ಸಲ ಸಿಗುವುದಿಲ್ಲ, ಏಕೆಂದರೆ ಹಕಾರ ಇದ್ದರೂ ಇಲ್ಲದಿದ್ದರೂ ಅದು ಸರಿಯಾದ ಪದವೇ ಆಗಿರಬಹುದು. ‘ಶ್ರೋತ್ರಿ ಸೊಸೆಯನ್ನು ಆದರದಿಂದ ಕಂಡ’ ಎಂಬಲ್ಲಿ ಒಂದು ಹಕಾರ ಸೇರಿದರೆ ಏನಾಗುತ್ತದೆ ಎಂದು ವಿವರಿಸಬೇಕಿಲ್ಲ. ಇದಕ್ಕೆ ಮನುಷ್ಯರ ಕಣ್ಣೇ ಬೇಕು. ಕೊನೆಯ ವಾಕ್ಯದಿಂದ ಹಿಂದಕ್ಕೆ, ಒಂದೊಂದೇ ವಾಕ್ಯ ಓದುತ್ತ ಬಂದರೆ ಅರ್ಥದ ಸೆಳೆತ ತಪ್ಪಿ ಅಕ್ಷರ ಕಾಣುತ್ತದೆ.

ಡಿಟಿಪಿಯಲ್ಲಿ ‘ನುಡಿ’ ತಂತ್ರಾಂಶದ ಹಳೆಯ ಅಕ್ಷರಶೈಲಿಯಲ್ಲಿ ಟೈಪ್ ಮಾಡಿಸಿದ್ದರೆ, ಅದನ್ನು ಯೂನಿಕೋಡಿಗೆ ಪರಿವರ್ತಿಸಿದ ಮೇಲೆ ಇನ್ನೊಂದು ಸುತ್ತು ಓದಲೇಬೇಕು. ಅರ್ಕಾವತ್ತು ಪಕ್ಕದ ಅಕ್ಷರಕ್ಕೆ ಹಾರಿರುತ್ತದೆ, ಒತ್ತಕ್ಷರ ಬಿಡಿಯಾಗಿರುತ್ತದೆ, ನಡುವೆ ಇಂಗ್ಲಿಷಿನಲ್ಲಿ ಏನಾದರೂ ಬರೆದಿದ್ದರೆ ಅದು ಅರ್ಥವಿಲ್ಲದ ಕನ್ನಡ ಅಕ್ಷರಗಳಾಗಿ ಮಾರ್ಪಟ್ಟಿರುತ್ತದೆ. ತಿದ್ದಿದ್ದೆಲ್ಲ ಮುಗಿದ ಮೇಲೆ ಪಿಡಿಎಫ್ ಮಾಡಿಯೇ ಪೆನ್‌ಡ್ರೈವ್‌ಗೆ ಹಾಕಿಕೊಳ್ಳಿ. ವರ್ಡ್ ಫೈಲ್ ಒಯ್ದರೆ ಜೆರಾಕ್ಸ್ ಅಂಗಡಿಯ ಕಂಪ್ಯೂಟರಿನಲ್ಲಿ ಆ ಫಾಂಟ್ ಇಲ್ಲದೆ ಪುಟವೆಲ್ಲ ಚೌಕಗಳಾಗಿ ಬರಬಹುದು, ಅಥವಾ ಸಾಲುಗಳು ಜರುಗಿ ಉಲ್ಲೇಖದ ಒಳಸರಿಕೆ ಕೆಡಬಹುದು.

ಸ್ನೇಹಿತರಿಗೆ ಓದಲು ಕೊಡುವಾಗ ‘ಹೇಗಿದೆ?’ ಎಂದು ಕೇಳಬೇಡಿ. ‘ಚೆನ್ನಾಗಿದೆ ಕಣೇ’ ಎಂಬುದು ಬಿಟ್ಟು ಬೇರೆ ಉತ್ತರ ಬರುವುದಿಲ್ಲ. ನಾನು ಏನು ವಾದಿಸುತ್ತಿದ್ದೇನೆ ಎಂದು ಒಂದು ವಾಕ್ಯದಲ್ಲಿ ಹೇಳು, ಎಲ್ಲಿ ಬೇಜಾರಾಯಿತು ಅಲ್ಲಿ ಗೆರೆ ಹಾಕು ಎಂದು ಕೇಳಿ. ಇನ್ನೊಬ್ಬರದನ್ನು ನೀವು ತಿದ್ದುವಾಗ ಕಾಗುಣಿತ ಬಿಟ್ಟು ಬೇರೇನನ್ನೂ ಅವರ ಪರವಾಗಿ ಬರೆಯಬೇಡಿ, ಅಂಚಿನಲ್ಲಿ ಪ್ರಶ್ನೆ ಹಾಕಿ. ನಿಮ್ಮ ವಾಕ್ಯ ಅವರ ಪ್ರಬಂಧದಲ್ಲಿ ಎದ್ದು ಕಾಣುತ್ತದೆ, ಮೇಷ್ಟ್ರಿಗೂ ಕಾಣುತ್ತದೆ.

ಶೀರ್ಷಿಕೆಯನ್ನು ಕೊನೆಗೆ ಇಡಿ. ‘ವಂಶವೃಕ್ಷ: ಒಂದು ಅಧ್ಯಯನ’ ಎಂಬುದು ಶೀರ್ಷಿಕೆಯಲ್ಲ, ಫೈಲಿನ ಹೆಸರು. ‘ವಂಶವೃಕ್ಷದಲ್ಲಿ ಎರಡು ಎರಡನೇ ಮದುವೆಗಳು’ ಎಂದರೆ ಒಳಗೇನಿದೆ ಎಂದು ತಿಳಿಯುತ್ತದೆ.

ಇಷ್ಟಕ್ಕೆಲ್ಲ ಪುರುಸೊತ್ತಿಲ್ಲ, ನಾಳೆ ಬೆಳಿಗ್ಗೆಯೇ ಕೊಡಬೇಕು ಎಂಬ ಸ್ಥಿತಿಯಾದರೆ ಮೂರೇ ಕೆಲಸ ಮಾಡಿ. ಕೊನೆಯ ಪ್ಯಾರಾಗಳಲ್ಲಿ ಅಡಗಿರುವ ನಿಜವಾದ ಮಾತನ್ನು ಮೊದಲ ಪ್ಯಾರಾಕ್ಕೆ ತಂದು, ಅಲ್ಲಿದ್ದ ಎರಡು ಸಾವಿರ ವರ್ಷದ ಇತಿಹಾಸವನ್ನು ಅಳಿಸಿ. ಪ್ರತಿ ಉಲ್ಲೇಖದ ಮುಂದೆ ಅದು ಯಾರ ಮಾತು ಎಂದು ಸೇರಿಸಿ. ಹೆಸರುಗಳ ಅಕ್ಷರ ಒಂದೇ ಥರ ಇದೆಯೇ ನೋಡಿ. ಎರಡು ಗಂಟೆಯ ಕೆಲಸ. ನಾಗಲಕ್ಷ್ಮಿಗೆ ಬೇಕಾದ ಪ್ಯಾರಾ ಮಾತ್ರ ಅಷ್ಟರಲ್ಲಿ ಆಗುವುದಿಲ್ಲ.